ಹಿಂಡಿ ಕಾಕು ಮತ್ತು ದಾಳಿಂಬೆ ಸಿಪ್ಪೆ

ನನ್ನ ಮೊಮ್ಮಗಳಿಗೆ ಡಾಕ್ಟರೇಟ್ ಬಂತು! ಮುಂಜಾನೆ ಬಸ್ಸಿಳಿದು ಬಂದವಳೇ ನನ್ನನ್ನು ತಬ್ಬಿಕೊಂಡು ಹೇಳಿದಳು. ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ. "ದವಾಖಾನಿ ಹಾಕ್ತಾಳೇನ್ರಿ?" ಎಂದವರಿಗೆ, "ಸೂಜಿ ಚುಚ್ಚೂ ಡಾಕ್ಟರ್ ಅಲ್ರಿ, ಸಿಪ್ಪಿ ಡಾಕ್ಟರ್!" ಎಂದು ನಕ್ಕೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಮೊಮ್ಮಗಳು ಡಾಕ್ಟರ್ ಎಂದರೆ ಸಣ್ಣ ಮಾತೇ?

ಮನೆಗೆ ಬಂದು ಅವಳ ಚೀಲ ಬಿಚ್ಚಿದೆ. ಒಂದು ಸೀಸೆಯೊಳಗಿಂದ ಒಣ ದಾಳಿಂಬೆ ಸಿಪ್ಪೆಯ ವಾಸನೆ ಬಂತು. ಆ ಒಗರು... ಸೀಸೆ ಎತ್ತಿ ಮೂಗಿಗೆ ಹಿಡಿದೆ.

"ನೀ ಓದಿದ್ದು ಈ ದಾಳಿಂಬಿ ಸಿಪ್ಪೀನ ಏನವ್ವಾ?"

"ಹೌದು ಆಯಿ. ಸೇಂಗಾ, ಕುಸುಬಿ ಎಣ್ಣಿ ಗಾಳಿ ಹತ್ತಿ ಕಮಟಾಗ್ತಾವಲ್ಲ, ಈ ಸಿಪ್ಪ್ಯಾಗಿನ ಸತ್ವ ಅದನ್ನ ತಡೀತದ. ಅದಕ್ಕ ಆಂಟಿಆಕ್ಸಿಡೆಂಟ್ ಅಂತಾರ. ಮಂದಿ ಸುಮ್ನ ತಿಪ್ಪಿಗಿ ಒಗಿತಾರ."

ಒಗೆಯದ ಒಬ್ಬಳಿದ್ದಳು.

ಆಗ ಕೆನಾಲು ತೋಡುತ್ತಿದ್ದರು. ನಾನು ಮದುವೆಯಾಗಿ ಶಹಾಪುರಕ್ಕೆ ಬಂದ ಹೊಸತು. ಪಕ್ಕದ ಮನೆಯ ವಿಧವೆ ಸೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ಮಾರುತ್ತಿದ್ದಳು; ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಆಕೆ ಹಿಂಡಿ ಕಾಕು. ನಾರಾಯಣಪುರದ ಕಡೆ ಕೆನಾಲು ಕೆಲಸಕ್ಕೆ ಹೋಗುವವರು ರೊಟ್ಟಿಯ ಜೊತೆ ಆಕೆಯ ಹಿಂಡಿಯನ್ನೇ ಕಟ್ಟಿಕೊಳ್ಳುತ್ತಿದ್ದರು. ಅಲ್ಲಿ ಕೆಟ್ಟ ನೀರು ಕುಡಿದು ಹೊಟ್ಟೆ ಕೆಡಿಸಿಕೊಂಡು ಬರುತ್ತಿದ್ದರು. ಭೇದಿಗೆ ದಾಳಿಂಬೆ ಸಿಪ್ಪೆ ಒಳ್ಳೆಯದೆಂದು ಕಾಕು ಬಜಾರಿನ ಹಣ್ಣಿನ ರಸದ ಅಂಗಡಿಯಿಂದ ಸಿಪ್ಪೆ ತಂದು, ತೊಳೆದು, ಮಾಳಿಗೆ ಮೇಲೆ ಒಣಗಿಸಿ, ಪುಡಿ ಮಾಡಿ ಹಿಂಡಿಗೆ ಬೆರೆಸತೊಡಗಿದಳು. ಹೊಟ್ಟೆಗೆ ಎಷ್ಟು ಗುಣವಾಯಿತೋ ತಿಳಿಯದು. ಹಿಂಡಿ ಮಾತ್ರ ಬೇಸಿಗೆಯಲ್ಲೂ ಬೇಗ ಕಮಟಾಗುತ್ತಿರಲಿಲ್ಲ.

"ಇದ್ಯಾಕ ಹಿಂಗ, ಕಾಕು?" ಎಂದರೆ, "ನನಗೇನ ಗೊತ್ತವ್ವಾ, ಅದೂ ನನ್ನಂಗ, ಒಣಗಿದ್ರೂ ಕೆಡವಲ್ದು!" ಎಂದು ನಗುತ್ತಿದ್ದಳು.

ಒಂದು ಸಲ ಮೇಲಿನ ಓಣಿಯ ದೊಡ್ಡ ಮನೆಯೊಂದರಲ್ಲಿ ಸೊಸೆಯ ಕುಬುಸ, ಬಸುರಿಗೆ ಮಾಡುವ ಸೀಮಂತ. ಊಟದ ಹಿಂಡಿ ಕಾಕು ಕುಟ್ಟಿದ್ದೇ. ಎಲ್ಲರೂ ಊಟಕ್ಕೆ ಕುಳಿತಾಗ ಒಬ್ಬಳು ಬಾಯಿ ತೆಗೆದಳು: "ಈಕಿ ರಸದ ಅಂಗಡ್ಯಾಗ ಸಿಪ್ಪಿ ಆರಸ್ತಾಳ್ರಿ, ನಾನ ಕಂಡೀನಿ. ಯಾರ ಬಾಯಿ ಎಂಜಲೋ ಏನೋ, ಬಸುರಿಗಿ ತಿನಸಾಕತ್ಯಾಳ!"

ಕಾಕು ಬಡಿಸುತ್ತಿದ್ದಳು. "ಹಲ್ಲ ಹಚ್ಚಿದ್ದಲ್ರಿ ಯವ್ವಾ, ಚಾಕು ಹಚ್ಚಿದ್ದು. ತೊಳದೀನ್ರಿ..."

"ಅಂಗಡ್ಯಾಗ ಯಾರ್ಯಾರು ಬಾಯಿ ಹಚ್ಚಿದ್ರು ಅಂತ ನೋಡಕೋತ ನಿಂತಿದ್ದೇನು?" ಎಂದಳು ಮನೆಯ ಹಿರಿಯಳು.

ಇನ್ನೊಬ್ಬರಿಗೆ ಎಂಜಲು ತಿನ್ನಿಸುವುದೆಂದರೆ ನಮ್ಮಲ್ಲಿ ವಿಷ ಹಾಕಿದಷ್ಟೇ ಪಾಪ. ಹಿಂಡಿ ತಿಪ್ಪೆಗೆ ಹೋಯಿತು. ಅಷ್ಟೇ ಆಗಿದ್ದರೆ ಮಂದಿ ಮರೆಯುತ್ತಿದ್ದರೋ ಏನೋ. ಆದರೆ ಆ ಸೊಸೆಯ ಕೂಸು ಹುಟ್ಟಿದ ದಿನವೇ ತೀರಿಕೊಂಡಿತು...

ಕಾಕುವಿನ ಹಿಂಡಿಯೇ ಕೂಸನ್ನು ಕೊಂದಿತೆಂದು ಬೈದವರ ಬಾಯಿ ಕಾಲ ಕಳೆದಂತೆ ತಣ್ಣಗಾಯಿತು. ಆದರೆ ಕಾಕುವೇ ಅದನ್ನು ನಂಬಿಬಿಟ್ಟಳು. ಒರಳು ಮಗುಚಿಟ್ಟು ಹೊಲದ ಕಸ ತೆಗೆಯಲು ಹೋದಳು. ಸ್ವಂತ ಮಗಳ ಮದುವೆಯಲ್ಲೂ ಒಂದು ಎಲೆಗೆ ಬಡಿಸಲಿಲ್ಲ. "ನನ್ನ ಕೈಲೆ ಬ್ಯಾಡ್ರಿ" ಎಂದು ಗೋಡೆಗೆ ಆತು ನಿಂತಳು.

ನಾನು ಸುಮ್ಮನಿರಲಿಲ್ಲ. "ನಾನೂ ಬಸುರಿದ್ದಾಗ ನಿಮ್ಮ ಹಿಂಡೀನ ತಿಂದೀನಿ ಕಾಕು. ನನ್ನ ಮಗ ಗುಂಡಕಲ್ಲಿನಂಗ ಅದಾನ, ನೋಡ್ರಿ!" ಎಂದು ಮಗನನ್ನು ಆಕೆಯ ಮುಂದೆ ನಿಲ್ಲಿಸಿದೆ.

ಅವನ ತಲೆ ಮುಟ್ಟಲು ಕೈ ಎತ್ತಿದವಳು ಹಿಂದಕ್ಕೆಳೆದುಕೊಂಡಳು. "ನಿನ್ನ ನಸೀಬ ಚಲೋ ಇತ್ತವ್ವಾ" ಎಂದಳು.

ಕೊನೆಗೆ ಹಾಸಿಗೆ ಹಿಡಿದಾಗ ನಾನು ಗಂಜಿ ಕುಡಿಸುತ್ತಿದ್ದೆ. ಒಂದು ಸಂಜೆ ಗುಟುಕು ನುಂಗಿ, "ಆ ಕೂಸಿನ್ನ ನಾನ ತಿಂದ್ನಿ" ಎಂದಳು. ಅದೇ ಆಕೆಯ ಕೊನೆಯ ಮಾತು.

ಈ ದಿನ ಸಂಜೆ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ಹೇಳಿದೆ. ಮೊಮ್ಮಗಳು ನನ್ನ ಕಡೆ ತಿರುಗಿದಳು.

"ಆಕಿ ತಪ್ಪಿದ್ದಿಲ್ಲ ಆಯಿ. ತೊಳದು ಒಣಗಿಸಿದ ಸಿಪ್ಪಿಲೆ ಕೂಸು ಸಾಯ್ತದೇನು? ಯಾರೂ ಆಕಿಗಿ ಹೇಳಲಿಲ್ಲೇನು?"

"ನಾ ಹೇಳ್ದೆವ್ವಾ. ನನ್ನ ಮಾತು ಯಾರ ಕೇಳ್ಬೇಕು? ಹಿಂಗ ತಿಳಿಸಿ ಹೇಳಾಕ ನೀ ಆಗ ಹುಟ್ಟಿದ್ದಿಲ್ಲ."

ಸೊಸೆ ನನ್ನ ಹೋಳಿಗೆಯ ಮೇಲೆ ಇನ್ನಷ್ಟು ತುಪ್ಪ ಹಾಕಿದಳು. ಎಲ್ಲರೂ ಉಂಡೆವು. ಕಾಕುವಿನ ಕಥೆ ಹೇಳಿದ ಮೇಲೂ ನನ್ನ ಬಾಯಿಗೆ ಹೋಳಿಗೆ ಸಿಹಿಯಾಗಿಯೇ ಇತ್ತು... ಅದೇ ಸಂಕಟ.