ಐವತ್ತೈದರ ಹಾರ

ಮೊನ್ನೆ ಭಾನುವಾರ ಊಟಕ್ಕೆ ಬಂದ ನನ್ನ ತಂಗಿಯ ಮೊಮ್ಮಗಳು ಸ್ಮಿತಾ ಬ್ಯಾಗಿನಿಂದ ಗಂಧದ ಹಾರವೊಂದನ್ನು ತೆಗೆದು ಕುರ್ಚಿಯ ಬೆನ್ನಿಗೆ ನೇತುಹಾಕಿದಳು. ಅವಳು ಕೆಲಸ ಮಾಡುವ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಯಾರಿಗೋ ಫೇರ್‌ವೆಲ್ ಇತ್ತಂತೆ, ಹಾರ ಒಂದು ಜಾಸ್ತಿ ಬಂದಿತ್ತಂತೆ. ‘ಸ್ಮೆಲ್ ಚೆನ್ನಾಗಿದೆ ಅಜ್ಜಿ, ಇಟ್ಕೊಳ್ಳಿ’ ಅಂದಳು. ಸಾರನ್ನ ಕಲಸುತ್ತ, ‘ನಾನಂತೂ ನಲವತ್ತೈದಕ್ಕೇ ರಿಟೈರ್ ಆಗ್ಬಿಡ್ತೀನಿ. ತಿಂಗಳಿಗಿಷ್ಟು ಅಂತ ಎಸ್‌ಐಪಿ ಕಟ್ಟೋಕೆ ಶುರು ಮಾಡಿದೀನಿ’ ಅಂತಲೂ ಸೇರಿಸಿದಳು. ಅವಳಿಗಿನ್ನೂ ಇಪ್ಪತ್ತಾರು.

ನಾನು ಎದ್ದು, ಆ ಹಾರವನ್ನು ಎರಡು ಬೆರಳಲ್ಲಿ ಹಿಡಿದು, ಬಾಲ್ಕನಿಯ ಬಟ್ಟೆ ಒಣಹಾಕುವ ತಂತಿಯ ಮೇಲೆ ಹಾಕಿ ಬಂದೆ. ಬಂದು ಕೈ ತೊಳೆದುಕೊಂಡೆ. ‘ಯಾಕಜ್ಜಿ?’ ಅಂದಳು. ಏನೂ ಇಲ್ಲ, ಊಟ ಮಾಡು ಅಂದೆ.

ನೀವು ನಗಬಹುದು. ನಾನೂ ಒಂದು ಕಾಲದಲ್ಲಿ ನಕ್ಕವಳೇ. ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು, ಎಲೊಕ್ಯೂಷನ್‌ನಲ್ಲಿ ಪ್ರೈಜ್ ತೆಗೆದುಕೊಂಡವಳು. ಸೂಪರ್‌ಸ್ಟಿಷನ್ ಅನ್ನುವುದು ದುರ್ಬಲ ಮನಸ್ಸಿನ ಲಕ್ಷಣ ಎಂದು ನಮ್ಮ ಸಿಸ್ಟರ್ ಒಬ್ಬರು ಬೋರ್ಡಿನ ಮೇಲೆ ಬರೆಸಿ, ನಮ್ಮಿಂದ ಜೋರಾಗಿ ಓದಿಸುತ್ತಿದ್ದರು. ಬೆಕ್ಕು ಅಡ್ಡ ಬಂದರೆ ಬೇಕೆಂದೇ ದಾಟಿ ಹೋಗುತ್ತಿದ್ದ ಹುಡುಗಿ ನಾನು. ಅಂಥವಳು ಎಪ್ಪತ್ತರ ದಶಕದ ನಡುವಿನಲ್ಲಿ ಗುಬ್ಬಿಯ ಒಂದು ಮನೆಗೆ ಸೊಸೆಯಾಗಿ ಹೋದೆ.

ಆ ಮನೆಯ ಪಡಸಾಲೆಯಲ್ಲಿ ಮೂರು ಫೋಟೋಗಳಿದ್ದವು. ಮಾವನವರ ತಂದೆ, ಮಾವನವರ ದೊಡ್ಡಣ್ಣ, ಎರಡನೆಯ ಅಣ್ಣ. ಮೂವರೂ ಸರ್ಕಾರಿ ನೌಕರಿಯಲ್ಲಿದ್ದವರು. ಮೂವರ ಫೋಟೋಕ್ಕೂ ಗಂಧದ ಹಾರ. ಎಲ್ಲರ ಮನೆಯಲ್ಲಿರುವಂತೆ ತೀರಿಕೊಂಡ ಮೇಲೆ ತಂದು ಹಾಕಿದ್ದು ಅಂದುಕೊಂಡಿದ್ದೆ. ಅಲ್ಲ. ಒಬ್ಬೊಬ್ಬರಿಗೂ ರಿಟೈರ್ ಆದ ದಿನ ಆಫೀಸಿನವರು ಕೊರಳಿಗೆ ಹಾಕಿದ ಹಾರವೇ ಅದು. ಹಾಕಿಸಿಕೊಂಡು ಮನೆಗೆ ಬಂದರು, ವರ್ಷ ತುಂಬುವುದರೊಳಗೆ ಹೋದರು. ಹಾರ ಹೇಗೂ ಮನೆಯಲ್ಲೇ ಇತ್ತಲ್ಲ, ಅದನ್ನೇ ಫೋಟೋಕ್ಕೆ ಹಾಕಿದರು.

ಇದೊಂದೂ ಗೊತ್ತಿಲ್ಲದೆ ಮೊದಲ ವಾರದಲ್ಲೇ ಊಟಕ್ಕೆ ಕೂತಾಗ, ಮಾತು ಬೆಳೆಸುವ ಉತ್ಸಾಹದಲ್ಲಿ, ‘ಮಾವ, ನೀವು ಯಾವಾಗ ರಿಟೈರ್ ಆಗೋದು?’ ಅಂದೆ. ಮಾವನವರ ಕೈ ಎಲೆಯ ಮೇಲೇ ನಿಂತಿತು. ಅತ್ತೆ ಎದ್ದುಹೋಗಿ ಒಂದು ಚಿಟಿಕೆ ಉಪ್ಪು ಒಲೆಗೆ ಹಾಕಿದರು. ಅದು ಚಟಪಟ ಅಂದ ಮೇಲೇ ಯಾರೋ ಮಜ್ಜಿಗೆ ಕೇಳಿದ್ದು. ನಮ್ಮವರು ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು, ‘ನಮ್ಮನೇಲಿ ಆ ಮಾತು ಆಡಲ್ಲ ಕಣೇ’ ಅಂದರು.

‘ಮತ್ತೆ ಏನಂತೀರಾ?’

‘“ಆಮೇಲೆ” ಅಂತೀವಿ.’

ಹಾಗೇ ಅನ್ನುತ್ತಿದ್ದರು. ಅಪ್ಪನ ಆಮೇಲೆಗೆ ಇನ್ನೂ ಟೈಮ್ ಇದೆ. ಆ ಮನೆಯವರದು ಹೋದ ತಿಂಗಳು ಆಮೇಲೆ ಆಯಿತಂತೆ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆ. ಇಟ್ ಈಸ್ ಎ ಕೋಇನ್ಸಿಡೆನ್ಸ್ ಎಂದು ನಮ್ಮವರಿಗೆ ಲೆಕ್ಚರ್ ಕೊಟ್ಟೆ. ಅವರು ಕೇಳಿಸಿಕೊಂಡರು, ನಗಲಿಲ್ಲ.

ನಮ್ಮವರ ಹೆಸರು ನಾಗರಾಜ. ಕುಣಿಗಲ್ಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಕೆರೆಗೆ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿ ನಾವಿದ್ದೆವು. ಸಂಜೆಯಾದರೆ ಅವರ ಆಫೀಸಿನ ಹುಡುಗರೆಲ್ಲ ಏರಿಯ ಮೇಲೆ ವಾಕಿಂಗ್. ಒಮ್ಮೊಮ್ಮೆ ನಾನೂ ಹೋಗುತ್ತಿದ್ದೆ. ಮೂವತ್ತು ದಾಟದ ಹುಡುಗರು, ಕೆಲವರಿಗೆ ಪ್ರೊಬೇಷನ್ ಕೂಡ ಮುಗಿದಿಲ್ಲ, ಆಡುತ್ತಿದ್ದ ಮಾತೆಲ್ಲ ರಿಟೈರ್‌ಮೆಂಟಿನದೇ. ಒಬ್ಬನಿಗೆ ತುಮಕೂರಿನಲ್ಲಿ ಸೈಟು ಬೇಕು. ಇನ್ನೊಬ್ಬ ಗೂಳೂರಿನ ಹತ್ತಿರ ತೆಂಗಿನ ಸಸಿ ಇಡಿಸಿ ಆಗಿತ್ತು. ‘ನಾನು ಮನೇಲಿ ಕೂರೋ ಹೊತ್ಗೆ ಅವು ನಿಂತ್ಕಂಡು ಸಾಕ್ತವೆ ಕಣ್ರೋ’ ಅನ್ನುತ್ತಿದ್ದ. ರಿಟೈರ್ ಆಗುವ ವಯಸ್ಸು ಐವತ್ತೈದನ್ನು ಐವತ್ತೆಂಟು ಮಾಡುತ್ತಾರಂತೆ ಎಂಬ ಗಾಳಿಸುದ್ದಿ ಆಗಾಗ ಏಳುತ್ತಿತ್ತು. ಬೇರೆಯವರಿಗೆ ಅದು ಮೂರು ವರ್ಷದ ಸಂಬಳ. ನಮ್ಮವರು ಮಾತ್ರ ಅದನ್ನು ಕೇಳಿದಾಗೆಲ್ಲ ನಿಂತು, ಕೆರೆಯ ಕಡೆ ತಿರುಗಿ, ಉಸಿರು ಬಿಡುತ್ತಿದ್ದರು. ಅವರ ಲೆಕ್ಕದಲ್ಲಿ ಅದು ವಿಧಾನಸೌಧದಿಂದ ಬರುವ ಆಯುಸ್ಸು.

ಆ ಗುಂಪಿನಲ್ಲಿ ಸರ್ವೇಯರ್ ಅನ್ವರ್ ಅಂತ ಒಬ್ಬನಿದ್ದ. ಅವನ ತಂದೆಯದು ತುಮಕೂರಿನಲ್ಲಿ ಬಟ್ಟೆ ಅಂಗಡಿ. ‘ನಮ್ಮ ಅಬ್ಬಾಗೆ ರಿಟೈರ್‌ಮೆಂಟೇ ಇಲ್ಲ ಸಾರ್. ಕಣ್ಣು ಕಾಣಲ್ಲ, ಆದ್ರೂ ಗಲ್ಲಾ ಬಿಟ್ಟು ಏಳಲ್ಲ. ಬಟ್ಟೆ ಮುಟ್ಟಿ ರೇಟ್ ಹೇಳ್ತಾರೆ’ ಅನ್ನುತ್ತಿದ್ದ. ನಮ್ಮವರು ಅವನನ್ನೇ ನೋಡುತ್ತ, ‘ಪುಣ್ಯವಂತ ಕಣಯ್ಯ ನೀನು. ಈ ಕೆಲಸಕ್ಕೆ ಯಾಕ್ ಬಂದೆ?’ ಅಂದಿದ್ದರು. ಆ ಮಾತು ನನಗೆ ಸರಿಬೀಳಲಿಲ್ಲ.

ಕೊನೆಗೆ ಮಾವನವರ ‘ಆಮೇಲೆ’ ಬಂದೇಬಿಟ್ಟಿತು. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಆಗ ನಾನು ಬಸುರಿ. ಬೀಳ್ಕೊಡುಗೆಗೆ ವಾರವಿದ್ದಾಗ ನಮ್ಮವರು ಸ್ಕೂಲಿಗೆ ಹೋಗಿ ಹೆಡ್‌ಮಾಸ್ಟರನ್ನು ಕಂಡು, ಗಂಧದ ಹಾರ ದಯವಿಟ್ಟು ಬೇಡ ಸಾರ್ ಎಂದು ಕೈಮುಗಿದು ಬಂದರು. ಬದಲಿಗೆ ತಾವೇ ಕೊಬ್ಬರಿ ಗಿಟುಕುಗಳನ್ನು ಪೋಣಿಸಿದ ಹಾರ ಮಾಡಿಸಿದರು. ‘ತಿಂದು ಮುಗಿಸ್ಬಿಟ್ರೆ ಫೋಟೋಕ್ಕೆ ಹಾಕೋಕೆ ಏನೂ ಉಳಿಯಲ್ಲ’ ಎಂದು ನನಗೆ ವಿವರಿಸುವಾಗ ಅವರ ಮುಖದಲ್ಲಿ ತಮಾಷೆಯ ಗುರುತೇ ಇರಲಿಲ್ಲ. ನಾನು ಲೆಕ್ಚರ್ ಕೊಡುವುದನ್ನು ನಿಲ್ಲಿಸಿದ್ದು ಆವತ್ತೇ. ಭಯ ಅನ್ನುವುದು ನೆಗಡಿಯ ಹಾಗೆ, ಒಂದೇ ಮನೆಯಲ್ಲಿದ್ದರೆ ಬಾರದೆ ಇರುವುದಿಲ್ಲ.

ಸಮಾರಂಭ ಚೆನ್ನಾಗಿಯೇ ಆಯಿತು. ಕೊಬ್ಬರಿ ಹಾರದ ಭಾರಕ್ಕೆ ಮಾವನವರ ಕೊರಳು ಬಾಗಿತು, ಮಕ್ಕಳು ಕೇಕೆ ಹಾಕಿದರು. ಆಗ ಹೆಡ್‌ಮಾಸ್ಟರು ಮೇಜಿನ ಕೆಳಗಿನಿಂದ ಒಂದು ಪೊಟ್ಟಣ ತೆಗೆದು, ‘ಅದು ತಿಂಡಿ ಹಾರ ಆಯ್ತು. ಗೌರವದ ಹಾರ ಇಲ್ದೆ ನಮ್ಮ ಮೇಷ್ಟ್ರನ್ನ ಕಳಿಸೋದುಂಟೇ?’ ಅಂದವರೇ ದೊಡ್ಡದೊಂದು ಗಂಧದ ಹಾರ ಹಾಕಿಬಿಟ್ಟರು. ಪ್ರೀತಿಯಿಂದಲೇ ಹಾಕಿದರು ಪಾಪ. ಚಪ್ಪಾಳೆಯ ನಡುವೆ ನಮ್ಮವರು ನನ್ನ ಕೈ ಹಿಡಿದದ್ದಕ್ಕೆ ಬಳೆ ಒತ್ತಿ ಗುರುತಾಯಿತು.

ಮನೆಯ ಬಾಗಿಲಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ವಾಸನೆ ಅವರಿಗೆ ಮೊದಲು ತಲುಪಿತು ಅಂತ ಕಾಣುತ್ತದೆ. ‘ಅಲ್ಲೇ ನಿಂತ್ಕೊಳ್ಳಿ. ಅದನ್ನ ಹಾಕ್ಕೊಂಡು ಒಳಗೆ ಬರ್ಬೇಡಿ’ ಅಂದರು. ತಟ್ಟೆಯಲ್ಲಿ ಕುಂಕುಮದ ನೀರು ತುಳುಕುತ್ತಿತ್ತು. ತಾವೇ ಕಟ್ಟಿಸಿದ ಮನೆಯ ಹೊಸ್ತಿಲ ಹೊರಗೆ ಮಾವನವರು ಶಾಲು ಹೊದ್ದು, ಸ್ಕೂಲ್ ಹುಡುಗನ ಹಾಗೆ ನಿಂತರು. ನಾನು ಮುಂದೆ ಹೋಗಿ ಹಾರ ತೆಗೆದು ನನ್ನ ವೈರ್ ಬ್ಯಾಗಿಗೆ ತುರುಕಿದೆ.

ಅದನ್ನು ಕುಣಿಗಲ್ಲಿಗೆ ತೆಗೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ತುಮಕೂರಿನ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು, ಸೆಕೆಗೆ ಗಂಧ ಘಮ್ಮೆಂದು ಎದ್ದಿತು. ಪಕ್ಕದಲ್ಲಿ ಕೂತಿದ್ದ ಹಳ್ಳಿಯ ಹೆಂಗಸು ಬ್ಯಾಗಿನೊಳಗೆ ಇಣುಕಿ ಕೇಳಿದಳು: ‘ಯಾರವ್ವಾ ತೀರ್ಕಂಡೋರು?’

‘ಯಾರೂ ಇಲ್ಲಮ್ಮ.’

‘ಅಂಗಾರೆ ಆರ ಯಾಕ್ ತಗಂಡೋಯ್ತಿದೀಯ? ಮುಂದ್ಕೆ ಇರ್ಲಿ ಅಂತಾನಾ?’

ಸುತ್ತಲಿನವರು ಗೊಳ್ಳೆಂದರು. ನಮ್ಮವರು ಎದ್ದು, ಸಿಕ್ಕಿದ್ದ ಸೀಟು ಬಿಟ್ಟು, ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತುಕೊಂಡರು.

ಕುಣಿಗಲ್ ಕೆರೆ ಏರಿಯ ಮೇಲೆ ಹಾರ ಹಿಡಿದು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನೀರಿಗೆ ಬಿಟ್ಟುಬಿಡಿ ಅಂದೆ. ‘ನೀರಿಗೆ ಬಿಡೋದು ಅಂದ್ರೇನು ಗೊತ್ತಾ ನಿಂಗೆ?’ ಅಂದರು. ಹಾಗಾದರೆ ಸುಟ್ಟುಬಿಡೋಣ ಅಂದು ನಾಲಿಗೆ ಕಚ್ಚಿಕೊಂಡೆ. ಹೂಳುವ ಮಾತನ್ನು ಬಾಯಿಗೇ ತರಲಿಲ್ಲ. ಸತ್ತವರಿಗೆ ಮಾಡುವುದನ್ನೆಲ್ಲ ಬಿಟ್ಟರೆ ಒಂದು ಹಾರವನ್ನು ಏನು ಮಾಡಲು ಉಳಿಯುತ್ತದೆ ಹೇಳಿ? ಆಗ ವಾಕಿಂಗಿಗೆ ಬಂದ ಅನ್ವರ್ ವಿಷಯ ಕೇಳಿ, ಕೈ ಚಾಚಿದ. ‘ಇಲ್ಲಿ ಕೊಡಿ ಸಾರ್. ನಮ್ಮ ತಂಗಿ ಮದುವೆ ಬಟ್ಟೆ ಪೆಟ್ಟಿಗೇಲಿ ಇಡ್ತೀನಿ, ಹುಳ ಬರಲ್ಲ. ನಮ್ಮನೇಲಿ ಫೋಟೋನೂ ಇಲ್ಲ, ಹಾರಾನೂ ಇಲ್ಲ.’ ಕೊಟ್ಟೆವು. ಅವನು ಅದನ್ನು ಸೈಕಲ್ ಹ್ಯಾಂಡಲ್ಲಿಗೆ ಸುತ್ತಿಕೊಂಡು ಬೆಲ್ ಹೊಡೆಯುತ್ತ ಹೊರಟುಹೋದ.

ಹಾರ ಹೋಯಿತು, ಭಯ ಹೋಗಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ನಮ್ಮವರು ಹೇಳಿದರು: ‘ಅಪ್ಪ ಈ ವರ್ಷ ದಾಟಿದ್ರೆ ಸುಮ್ನೆ ಕೆಲಸ ಮಾಡ್ಕೊಂಡಿರ್ತೀನಿ. ಇಲ್ಲಾಂದ್ರೆ ರಿಸೈನ್ ಮಾಡಿ ಅಂಗಡಿ ಹಾಕ್ತೀನಿ. ಅಂಗಡಿಗೆ ಐವತ್ತೈದು ಅನ್ನೋದಿಲ್ಲ.’ ಅಂಗಡಿಯೆಂದರೆ ಅವರಿಗೆ ಒಂದು ಮೊಳ ಬಟ್ಟೆ ಅಳೆಯಲೂ ಬರುತ್ತಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಮಗು ಒದೆಯುತ್ತಿತ್ತು. ಆ ವರ್ಷ ನಾನು ಗುಬ್ಬಿಯ ದೇವರನ್ನೂ ಕಾನ್ವೆಂಟಿನ ಮಾತೆಯನ್ನೂ ಒಂದೇ ಉಸಿರಿನಲ್ಲಿ ಬೇಡಿಕೊಂಡೆ. ಬೀದಿಯಲ್ಲಿ ಸೈಕಲ್ ನಿಂತ ಸದ್ದಾದರೆ ಟೆಲಿಗ್ರಾಂ ಅಂದುಕೊಳ್ಳುತ್ತಿದ್ದೆ.

ಮಗು ಹುಟ್ಟಿತು, ಹೆಣ್ಣು. ಬಾಣಂತನ ಮುಗಿಸಿ ಕುಣಿಗಲ್ಲಿಗೆ ಬಂದ ಸ್ವಲ್ಪ ದಿನಕ್ಕೆ ಗುಬ್ಬಿ ಕಡೆಯ ಬಸ್ ಕಂಡಕ್ಟರೊಬ್ಬರ ಕೈಲಿ ಅತ್ತೆ ಹೇಳಿ ಕಳಿಸಿದರು: ಕೂಡಲೇ ಬರಬೇಕಂತೆ. ಅಷ್ಟೇ. ಸಿಕ್ಕಿದ ಬಸ್ಸು ಹತ್ತಿ ಗುಬ್ಬಿಗೆ ಹೋದೆವು. ಬೀದಿಯ ತಿರುವಿನಲ್ಲಿ ನಮ್ಮವರು ನಿಂತುಬಿಟ್ಟರು. ‘ನೀನೇ ಮುಂದೆ ಹೋಗಿ ನೋಡೇ’ ಅಂದರು. ಮಗುವನ್ನು ಎತ್ತಿಕೊಂಡು ನಾನೇ ಹೋದೆ. ಬಾಗಿಲ ಮುಂದೆ ಜನವಿರಲಿಲ್ಲ. ಮಾವನವರು ಪಡಸಾಲೆಯಲ್ಲಿ, ಅದೇ ಮೂರು ಫೋಟೋಗಳ ಕೆಳಗೆ, ಗಡ್ಡ ಬಿಟ್ಟುಕೊಂಡು ಕೂತಿದ್ದರು. ವಾರದಿಂದ ಮಾತಿಲ್ಲವಂತೆ, ಊಟವೂ ಕಾಟಾಚಾರಕ್ಕೆ. ‘ಶುರು ಆಯ್ತು ಕಣಮ್ಮ. ಅವರಣ್ಣಂದ್ರಿಗೂ ಹೀಗೇ ಶುರುವಾಗಿತ್ತು’ ಎಂದು ಅತ್ತೆ ಅಡುಗೆಮನೆಯಲ್ಲಿ ಪಿಸುಗುಟ್ಟಿದರು.

ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿ ನಾನೂ ಎದುರಿಗೆ ಕೂತೆ. ಮಗುವಿನ ಮೇಲೆ ಕೈಯಿಟ್ಟು ಅವರೇ ಅಂದರು: ‘ಸಾಯೋ ಭಯ ಇಲ್ಲಮ್ಮ ನಂಗೆ. ಬೆಳಿಗ್ಗೆ ಸ್ಕೂಲ್ ಬೆಲ್ ಇಲ್ಲಿಗೆ ಕೇಳುತ್ತೆ. ಎದ್ದು ನಿಂತ್ಕೊಂಡುಬಿಡ್ತೀನಿ. ನಿಂತ ಮೇಲೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗಲ್ಲ.’

ಬಾಯಿಗೆ ಬಂದದ್ದನ್ನು ಅಂದೆ, ಆ ಮನೆಯಲ್ಲಿ ಅನ್ನಬಾರದ ಮಾತನ್ನೇ ಸೇರಿಸಿ ಅಂದೆ: ‘ಮಾವ, ನೀವು ರಿಟೈರ್ ಆದ ದಿನದಿಂದ ಅತ್ತೆ ನಿದ್ದೆ ಮಾಡಿಲ್ಲ. ಮಧ್ಯಾಹ್ನ ನೀವು ಮಲಗಿದಾಗ ಬಂದು ಮೂಗಿನ ಹತ್ರ ಬೆರಳಿಟ್ಟು ನೋಡ್ತಾರೆ. ಇಲ್ಲಿಗೆ ಬಂದಾಗೆಲ್ಲ ನಾನೇ ನೋಡಿದೀನಿ.’

‘ಇವಳಾ?’ ಅಂದರು. ಅಡುಗೆಮನೆಯ ಕಡೆ ತಿರುಗಿದರು. ‘ಬೆರಳಿಟ್ಟು ನೋಡ್ತಾಳಾ?’ ಅಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಯಾರೋ ಆಗಷ್ಟೇ ಪರಿಚಯಿಸಿದಂತೆ ಇತ್ತು ಅವರ ಮುಖ.

ಮರುದಿನ ಬೆಳಿಗ್ಗೆ ಎಂದೂ ಇಲ್ಲದ ಗದ್ದಲಕ್ಕೆ ನಮಗೆಲ್ಲ ಎಚ್ಚರವಾಯಿತು. ಮಾವನವರು ಬಾವಿಕಟ್ಟೆಯಲ್ಲಿ ಗಂಟಲು ಕಿತ್ತುಹೋಗುವ ಹಾಗೆ ಬಾಯಿ ಮುಕ್ಕಳಿಸುತ್ತಿದ್ದರು. ಬಚ್ಚಲಿನಿಂದ ‘ಲೇ, ಟವಲ್ಲು!’ ಎಂದು ಕೂಗಿದರು. ಟವಲ್ಲು ಹೆಗಲ ಮೇಲೇ ಇತ್ತು. ಸೊಪ್ಪಿನವಳ ಜೊತೆ ಜಗಳ ತೆಗೆದರು. ರಾಗವಿಲ್ಲದೆ ಹಾಡಿದರು. ಮಧ್ಯಾಹ್ನ ಮಲಗಿದರೆ ಬೇಕೆಂದೇ ಗೊರಕೆ ಹೊಡೆಯುತ್ತಿದ್ದರು, ಅತ್ತೆ ಅಡುಗೆಮನೆಯಿಂದ ಏಳುವ ಅಗತ್ಯವೇ ಬೀಳದಂತೆ. ‘ಇದೇನು ಈ ಮನುಷ್ಯಂಗೆ ಭೂತ ಹಿಡೀತಾ’ ಎಂದು ಅತ್ತೆ ಸಿಡುಕಿದರು. ಅವರು ಸಿಡುಕಿದ್ದನ್ನು ಎಷ್ಟೋ ತಿಂಗಳ ಮೇಲೆ ಕೇಳಿದ್ದೆ. ಒಂದು ಕೆಲಸದಿಂದ ನಿವೃತ್ತರಾದ ಆ ಮನುಷ್ಯ ಇನ್ನೊಂದಕ್ಕೆ ಸೇರಿಕೊಂಡಿದ್ದರು: ತಾನು ಬದುಕಿದ್ದೇನೆ ಎಂದು ಹೆಂಡತಿಗೆ ಹೊತ್ತುಹೊತ್ತಿಗೆ ತಿಳಿಸುವುದು. ಆ ಡ್ಯೂಟಿಯಲ್ಲಿ ಒಂದು ದಿನವೂ ರಜೆ ಹಾಕಲಿಲ್ಲ.

ವರ್ಷ ದಾಟಿತು. ಕೊಬ್ಬರಿ ಹಾರದ ಕೊನೆಯ ಗಿಟುಕನ್ನು ಚಟ್ನಿಪುಡಿಗೆ ಹಾಕಿ ಮುಗಿಸಿದೆವು. ನಮ್ಮವರು ರಿಸೈನ್ ಮಾಡಲಿಲ್ಲ. ಐವತ್ತೈದು ಐವತ್ತೆಂಟೂ ಆಯಿತು. ಮಾವನವರು ನನ್ನ ಮಗಳ ಮದುವೆಯ ಮಂಟಪಕ್ಕೆ ಆನೆಯ ಚಿತ್ರ ಬರೆದುಕೊಟ್ಟೇ ಹೋದದ್ದು.

ಆದರೆ ನಮ್ಮ ಪ್ರಾಯ? ಮೂವತ್ತಕ್ಕೇ ನಾವು ಮುದುಕರ ಹಾಗೆ ಕಾದು ಕೂತೆವು. ಊಟಿಗೆ ಹೋಗೋಣ ಅಂದರೆ ಆಮೇಲೆ. ಸಿನಿಮಾ ಅಂದರೆ ಆಮೇಲೆ. ನನಗೊಂದು ವೀಣೆ ಬೇಕೆಂದು ಕೇಳಿದ್ದೆ, ಅದೂ ಆಮೇಲೆ. ಒಂದು ಮಾತಿಗೆ ಹೆದರಿ ಇಟ್ಟುಕೊಂಡ ಇನ್ನೊಂದು ಮಾತು ನಮ್ಮ ಒಳ್ಳೆಯ ವರ್ಷಗಳನ್ನೆಲ್ಲ ತಿಂದುಹಾಕಿತು. ಮೊನ್ನೆ ಊಟ ಮುಗಿದ ಮೇಲೆ ಸ್ಮಿತಾಳಿಗೆ ಇದನ್ನು ಹೇಳಿದೆ. ‘ಸೇವಿಂಗ್ಸ್ ಬೇಡ ಅಂತೀರಾ ಅಜ್ಜಿ?’ ಅಂದಳು. ಬೇಡ ಅನ್ನುವಷ್ಟು ಧೈರ್ಯ ನನಗೂ ಇಲ್ಲ. ‘ಮಾಡು. ಜೊತೆಗೆ ಈ ಸಲ ರಜಕ್ಕೆ ಎಲ್ಲಿಗಾದ್ರೂ ಹೋಗಿ ಬಾ’ ಅಂದೆ.

ಅವಳು ಹೊರಟ ಮೇಲೆ ಮನೆ ನಿಶ್ಶಬ್ದವಾಯಿತು. ನಮ್ಮವರು ರಿಟೈರ್ ಆಗಿ ಬಹಳ ವರ್ಷಗಳಾದವು. ಊಟ ಮಾಡಿ ರೂಮಿನಲ್ಲಿ ಮಲಗಿದ್ದರು. ದಿನಾ ಮಧ್ಯಾಹ್ನ ನಾನು ಬಾಗಿಲವರೆಗೆ ಹೋಗುತ್ತೇನೆ. ಹೊದಿಕೆ ಏಳುತ್ತದೆಯೇ, ಇಳಿಯುತ್ತದೆಯೇ ಎಂದು ನೋಡಿ, ಸದ್ದಿಲ್ಲದೆ ವಾಪಸ್ ಬರುತ್ತೇನೆ. ಮೊನ್ನೆಯೂ ಹೋಗಿ ನಿಂತೆ. ಅವರು ಒಂದು ಕಣ್ಣು ತೆರೆದರು.

‘ಏನ್ ಮೇಡಂ, ಇನ್‌ಸ್ಪೆಕ್ಷನ್ನಾ?’

ಇಷ್ಟು ದಿನ ಇಲ್ಲ ಅನ್ನುತ್ತಿದ್ದೆ. ಕನ್ನಡಕ ಹುಡುಕ್ತಿದ್ದೆ, ಫ್ಯಾನ್ ನೋಡೋಕೆ ಬಂದೆ ಅಂತ ಏನೋ ಒಂದು. ಮೊನ್ನೆ ಮಾತ್ರ ‘ಹೌದು, ಭಯ ಆಗುತ್ತೆ ನಂಗೆ’ ಅಂದೆ.

ಅವರು ಗೋಡೆಯ ಕಡೆಗೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ನಾನು ಹೋಗಿ ಮಂಚದ ಮೇಲೆ ಕೂತುಕೊಂಡೆ.