ತಂತಿ ಬಿಚ್ಚಿಟ್ಟ ಆರನೇ ಝೋನ್

ದೆವ್ವ, ಭೂತ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವಳು. ಕಾಗಾಲ ಎಂಬ ಊರಿನ ನಮ್ಮ ಮನೆಯಲ್ಲಿ ಅತ್ತೆ ಪ್ರತಿ ಅಮಾವಾಸ್ಯೆಗೂ ಒಂದಲ್ಲ ಒಂದು ಕಥೆ ತೆಗೆಯುತ್ತಿದ್ದರು. "ನಿಮ್ಮ ದೆವ್ವಕ್ಕೆ ಬೇರೆ ಕೆಲಸ ಇಲ್ವಾ ಅತ್ತೆ?" ಎಂದು ನಾನು ರೇಗಿಸುತ್ತಿದ್ದೆ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೋರ್ಸು ಮಾಡಿದವಳು ನಾನು. ಕರೆಂಟು ಬಂದರೆ ಬಲ್ಬು ಹತ್ತುತ್ತದೆ, ಹೋದರೆ ಆರುತ್ತದೆ, ಇವೆರಡು ಬಿಟ್ಟು ಮೂರನೆಯದು ಇಲ್ಲ ಎಂದು ನಂಬಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಅವರೆದುರೇ ನಕ್ಕುಬಿಡುತ್ತಿದ್ದೆ. ನೀವೂ ನಗುವುದಾದರೆ ನಗಿ, ನನಗೇನೂ ಬೇಜಾರಿಲ್ಲ.

ಆಗ ನಾನು ಹೊನ್ನಾವರದಲ್ಲಿ, ಹೆದ್ದಾರಿ ಪಕ್ಕದ ಒಂದು ಕಲ್ಯಾಣ ಮಂಟಪದಲ್ಲಿ ಕೆಲಸಕ್ಕಿದ್ದೆ. ಕರೆಂಟು, ಪಂಪು, ಜನರೇಟರ್ ಎಲ್ಲ ನನ್ನ ಉಸ್ತುವಾರಿ. ಕೆಳಗೆ ಊಟದ ಹಾಲ್, ಅದರ ಮೇಲೆ ಮದುವೆಯ ಹಾಲ್, ತುದಿಯ ಮಹಡಿಯಲ್ಲಿ ನೆಂಟರು ಉಳಿಯುವ ರೂಮುಗಳು. ಮೆಟ್ಟಿಲ ಬುಡದಲ್ಲಿ, ಆಫೀಸಿನ ಹೊರಗೋಡೆಯ ಮೇಲೆ ಕೆಂಪು ಬಣ್ಣದ ಫೈರ್ ಪ್ಯಾನೆಲ್ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದೇನು ಬ್ರಹ್ಮವಿದ್ಯೆಯಲ್ಲ. ಕಟ್ಟಡವನ್ನು ಆರು ಭಾಗ ಮಾಡಿ ಒಂದೊಂದಕ್ಕೂ ಝೋನ್ ಎಂದು ಹೆಸರಿಟ್ಟಿರುತ್ತಾರೆ. ಹೊಗೆ ಪತ್ತೆ ಮಾಡುವ ಬಿಳಿ ಬಟ್ಟಲುಗಳು ಚಾವಣಿಯಲ್ಲಿರುತ್ತವೆ, ಅವುಗಳ ತಂತಿ ಪ್ಯಾನೆಲ್‌ಗೆ ಬಂದು ಸೇರುತ್ತದೆ. ಹೊಗೆ ತಾಗಿದರೆ ಆ ಝೋನಿನ ಕೆಂಪು ದೀಪ ಹತ್ತಿ ಸೈರನ್ ಕೂಗುತ್ತದೆ. ತಂತಿ ತುಂಡಾದರೆ ಹಳದಿ ದೀಪ. ಸೈರನ್ ನಿಲ್ಲಿಸಲು ಒಂದು ಬಟನ್, ಪ್ಯಾನೆಲ್ಲನ್ನು ಮೊದಲಿನ ಸ್ಥಿತಿಗೆ ತರಲು ರಿಸೆಟ್ ಎಂಬ ಇನ್ನೊಂದು ಬಟನ್. ಯಾವ ಝೋನ್ ಎಂದು ಮೊದಲು ನೋಡಬೇಕು, ಅಲ್ಲಿಗೆ ಹೋಗಿ ಬರಬೇಕು, ಆಮೇಲಷ್ಟೇ ಸೈರನ್ ನಿಲ್ಲಿಸಬೇಕು. ಇದು ನಿಯಮ.

ನಿಯಮ ಗೋಡೆಯ ಮೇಲಿತ್ತು, ನಡೆಯುತ್ತಿದ್ದುದು ಬೇರೆ. ಹೋಮವಿಲ್ಲದೆ ಮದುವೆ ಆಗುತ್ತದೆಯೇ? ಹೋಮದ ಹೊಗೆಗೆ ಸೈರನ್ ಕೂಗಿ, ಮಂತ್ರ ನಿಂತು, ಭಟ್ಟರಿಂದ ಬೈಸಿಕೊಂಡ ಮೇಲೆ ನಾವೊಂದು ಉಪಾಯ ಮಾಡಿದ್ದೆವು. ಮುಹೂರ್ತಕ್ಕೆ ಮುಂಚೆ ಏಣಿ ಹಾಕಿ ಆ ಬಟ್ಟಲುಗಳಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬ್ಯಾಂಡ್ ಹಾಕುವುದು. ಆದರೂ ಧೂಪಕ್ಕೆ, ಒಗ್ಗರಣೆ ಹೊಗೆಗೆ, ಮಳೆಗಾಲದ ಹುಳಕ್ಕೆ ಅದು ಕೂಗುತ್ತಲೇ ಇತ್ತು. ಹಾಗಾಗಿ ಸೈರನ್ ಕೇಳಿದರೆ ಒಬ್ಬರೂ ಓಡುತ್ತಿರಲಿಲ್ಲ. "ಯಾರೋ ಧೂಪ ಹಾಕಿದ್ರು ಕಾಣ್ತದೆ, ಬಂದ್ ಮಾಡಿ ಅದನ್ನ" ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ಬಟನ್ ಒತ್ತುವುದು ನಮಗೆ ಸೊಳ್ಳೆ ಹೊಡೆದಷ್ಟು ಸಲೀಸಾಗಿತ್ತು.

ತುದಿಯ ಮಹಡಿಯ ರೂಮುಗಳು ಆರನೇ ಝೋನ್. ಹಿಂದಿನ ಮಳೆಗಾಲದಲ್ಲಿ ಸ್ಲ್ಯಾಬ್ ಸೋರಿ ಅಲ್ಲಿನ ಬಟ್ಟಲುಗಳೆಲ್ಲ ಕೆಟ್ಟಿದ್ದವು. ಕಳಚಿ ಇಟ್ಟವಳು ನಾನೇ. ಪ್ಯಾನೆಲ್‌ನೊಳಗೆ ಆ ಝೋನಿನ ಎರಡೂ ತಂತಿ ಬಿಚ್ಚಿ, ತುದಿಗೆ ಟೇಪು ಸುತ್ತಿ, ಹಳದಿ ದೀಪ ಹತ್ತಿ ತಲೆ ತಿನ್ನದಿರಲಿ ಎಂದು, ತಂತಿ ಸರಿಯಿದೆ ಎಂದೇ ಪ್ಯಾನೆಲ್ ತಿಳಿಯುವಂತೆ ಅಲ್ಲೊಂದು ಪುಟ್ಟ ರೆಸಿಸ್ಟರ್ ಹಾಕಿದ್ದೆ. ಹೊಸ ಬಟ್ಟಲು ಇನ್ನೂ ಬಂದಿರಲಿಲ್ಲ. ಅಂದರೆ ಮೇಲಿನ ರೂಮುಗಳಲ್ಲಿ ಏನೇ ಆದರೂ ಪ್ಯಾನೆಲ್‌ಗೆ ತಿಳಿಯುವ ದಾರಿಯೇ ಇರಲಿಲ್ಲ.

ಮೇ ತಿಂಗಳ ಸೆಕೆ. ಬೋಟು ಇಟ್ಟುಕೊಂಡಿದ್ದ ದೇವಣ್ಣ ಎಂಬವರ ಮಗನ ಮದುವೆ ಹಿಂದಿನ ದಿನ ಮುಗಿದು, ಅಂದು ಹೆಣ್ಣಿನ ಕಡೆಯವರಿಗೆ ಬೀಗರೂಟ ಇತ್ತು. ಬೆಳಿಗ್ಗೆ ದೇವಣ್ಣನ ದೊಡ್ಡ ಮಗಳು ಲಲಿತಾ ನನ್ನನ್ನು ಹುಡುಕಿಕೊಂಡು ಬಂದಳು. ಭಟ್ಕಳಕ್ಕೆ ಕೊಟ್ಟ ಹುಡುಗಿ. "ಅಕ್ಕಾ, ನಮ್ಮ ರೂಮಿನ ಬಚ್ಚಲ ಬಾಗಿಲ ಚಿಲಕ ಸಡಿಲ ಆಗ್ಬಿಟ್ಟದೆ. ಈಗ್ಲೇ ಹಾಕ್ಕೊಡ್ತ್ರಾ?" ಎಂದಳು. ಊಟ ಮುಗಿಯಲಿ ಎಂದೆ. "ಇಲ್ಲ ಅಕ್ಕಾ, ಈಗ್ಲೇ" ಎಂದು ಕೈ ಹಿಡಿದುಕೊಂಡಳು. ಸೆರಗು ಸರಿದಾಗ ಕುತ್ತಿಗೆಯ ಪಕ್ಕ ನೀಲಿಗಟ್ಟಿದ್ದು ಕಂಡಿತು. ಎಂತಾ ಆಯಿತು ಎಂದು ಕೇಳಿದರೆ ಜಾರಿ ಬಿದ್ದೆ ಎಂದಳು. ಕುತ್ತಿಗೆ ಊರಿಕೊಂಡು ಯಾರಾದರೂ ಬೀಳುತ್ತಾರಾ? ನನಗೆ ಮೈ ಉರಿಯಿತು. ಮೇಲೆ ಹೋಗಿ ಉದ್ದನೆಯ ಸ್ಕ್ರೂ ಹಾಕಿ ಗಟ್ಟಿಯಾಗಿ ಚಿಲಕ ಕೂರಿಸಿದೆ. ಅವಳ ಗಂಡ ಉಮೇಶ ಮಂಚದ ಮೇಲೆ ಕೂತು ಮೊಬೈಲ್ ನೋಡುತ್ತಿದ್ದವನು ನಾನು ಹೊರಡುವವರೆಗೂ ತಲೆ ಎತ್ತಲಿಲ್ಲ.

ಮಧ್ಯಾಹ್ನ ಮೊದಲ ಪಂಕ್ತಿಗೆ ಬಡಿಸುತ್ತಿದ್ದಾಗ ಸೈರನ್ ಕೂಗಿತು. ಅಡುಗೆಯವರನ್ನು ಬೈಯುತ್ತಲೇ ಹೋಗಿ ನೋಡಿದೆ. ಆರನೇ ಝೋನಿನ ಕೆಂಪು ದೀಪ! ಟೆಸ್ಟರಿನಿಂದ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಬಿಚ್ಚಿದ ತಂತಿ ಬಿಚ್ಚಿದಂತೆಯೇ ಇತ್ತು, ಟೇಪು ಸುತ್ತಿದಂತೆಯೇ ಇತ್ತು, ಒಳಗೆ ತೇವದ ಸುಳಿವಿಲ್ಲ. ಸೈರನ್ ನಿಲ್ಲಿಸಿ, ವಾಚ್‌ಮನ್ ಸುಕ್ರಣ್ಣನನ್ನು ಮೇಲೆ ಕಳಿಸಿದೆ. ಅವರು ಬಂದು, "ಹೊಗೆ ಗಿಗೆ ಎಂತದೂ ಇಲ್ಲ ತಂಗೀ. ದೇವಣ್ಣನ ಅಳಿಯ ಬಾಗಿಲಲ್ಲಿ ನಿಂತಿದ್ದ. ಹೆಂಡ್ತಿಗೆ ತಲೆನೋವಂತೆ, ಮಲಗಿದ್ದಾಳಂತೆ" ಎಂದರು. ಆತು ಎಂದುಕೊಂಡು ರಿಸೆಟ್ ಒತ್ತಿದೆ.

ಒತ್ತಿದ ಬೆರಳು ತೆಗೆಯುವಷ್ಟರಲ್ಲಿ ಮತ್ತೆ ಕೂಗಿತು. ಮತ್ತೆ ಅದೇ ದೀಪ. ನಿಲ್ಲಿಸಿದೆ. ಮತ್ತೆ ಕೂಗಿತು. ಬಟನ್ ಒತ್ತಿದರೂ ಈಗ ನಿಲ್ಲಲೊಲ್ಲದು. ಊಟದ ಹಾಲಿನಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳದು. ಸುಕ್ರಣ್ಣ ಇನ್ನೊಮ್ಮೆ ಹತ್ತಿ ಇಳಿದು, "ಈಗ ಆ ರೂಮಿಗೆ ಹೊರಗಿಂದ ಬೀಗ ಬಿದ್ದದೆ" ಎಂದರು. ಮಲಗಿದ ಹೆಂಡತಿಯನ್ನು ಒಳಗಿಟ್ಟು ಹೊರಗಿನಿಂದ ಬೀಗ ಯಾರು ಹಾಕುತ್ತಾರೆ?

ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಹಾಲಿನಲ್ಲಿ ಗಲಾಟೆ ಎದ್ದಿತ್ತು. ಹೆಣ್ಣಿನ ಕಡೆಯ ಒಬ್ಬ ಕುಡಿದಿದ್ದವನು, ಊಟಕ್ಕೆ ಕೂರಿಸಿ ಸೈರನ್ ಕೂಗಿಸಿ ಅವಮಾನ ಮಾಡುತ್ತೀರಾ ಎಂದು ಎಲೆ ಎತ್ತಿ ಎಸೆದನಂತೆ. ಬಡಿಸುವವನ ಕೆನ್ನೆಗೆ ಯಾರೋ ಬಾರಿಸಿದರು. ಕಣ್ಣುಮುಚ್ಚಿ ತೆಗೆಯುವುದರೊಳಗೆ ಬೆಂಚು, ಸೌಟು, ಕುರ್ಚಿ, ಕೈಗೆ ಸಿಕ್ಕಿದ್ದೆಲ್ಲ ಆಯುಧವಾಯಿತು. ಬಿಸಿ ಸಾರಿನ ಪಾತ್ರೆ ಮಗುಚಿ ಒಬ್ಬನ ಕಾಲು ಬೆಂದು ಅವನು ಕಿರುಚುತ್ತಿದ್ದ. ಒಬ್ಬ ಮುದುಕರ ತಲೆ ಒಡೆದು ಬಿಳಿ ಪಂಚೆ ಕೆಂಪಾಗಿತ್ತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಗೋಡೆಗೆ ಅಂಟಿ ನಿಂತಿದ್ದರು. ಇಷ್ಟರ ಮೇಲೂ ಸೈರನ್ ಕೂಗುತ್ತಲೇ ಇತ್ತು.

ದೇವಣ್ಣ ನನ್ನತ್ತ ನುಗ್ಗಿ ಬಂದರು. "ಎಂತದೇ ಇದು? ಬೀಗರ ಎದುರಿಗೆ ನನ್ನ ಮರ್ಯಾದೆ ತೆಗೀಲಿಕ್ಕೆ ನಿಂತಿದ್ಯಾ?" ನಾನು ಬಾಯಿ ತೆರೆಯುವುದರೊಳಗೆ ಕಪಾಳಕ್ಕೆ ಬಿತ್ತು. ಬಲೆ ಎಳೆದು ಪಳಗಿದ ಕೈ ಅದು. ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದೆ. ಸಿಟ್ಟಿಗೆ ನಾನೂ, "ನಿಮ್ಮ ಮಗಳನ್ನ ಮೊದಲು ನೋಡಿ!" ಎಂದು ಕೂಗಿದೆ. ಆ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಆದರೆ ಅವರ ಬೆನ್ನ ಹಿಂದೆ ನಿಂತಿದ್ದ ಉಮೇಶನಿಗೆ ಕೇಳಿಸಿತು. ಅವನ ಮುಂಗೈ ಮೇಲೆ ಉಗುರಿನ ಗೀರುಗಳು ಹಸಿಯಾಗಿದ್ದವು.

ಉಮೇಶ ಒಂದು ಕಬ್ಬಿಣದ ಕುರ್ಚಿ ಎತ್ತಿ ಪ್ಯಾನೆಲ್‌ಗೆ ಬಡಿದ. ಗಾಜು ಸಿಡಿಯಿತು. ಮತ್ತೆ ಬಡಿದ, ಮತ್ತೆ ಬಡಿದ. ಕರೆಂಟಿನ ತಂತಿ ಹರಿದು ಪೆಟ್ಟಿಗೆ ಗೋಡೆಯಿಂದ ಕಳಚಿ ಬಿತ್ತು. ಒಳಗಿನ ಎರಡೂ ಬ್ಯಾಟರಿ ಕಿತ್ತು ಅಂಗಳಕ್ಕೆ ಎಸೆದ. ಸೈರನ್ ನಿಂತಿತು. ಹೊಡೆದಾಡುತ್ತಿದ್ದವರೂ ಒಂದು ಕ್ಷಣ ತಿರುಗಿ ನೋಡಿದರು. ಸೈರನ್‌ಗೆ ಕರೆಂಟು ಬರುವುದೇ ಆ ಪೆಟ್ಟಿಗೆಯಿಂದ, ಬೇರೆ ದಾರಿಯೇ ಇಲ್ಲ. ಹೀಗಿದ್ದೂ, ಆ ಮೌನದಲ್ಲಿ, ಮೆಟ್ಟಿಲ ಮೇಲ್ಗಡೆಯ ಸೈರನ್ ಮತ್ತೆ ಕೂಗಿತು. ದೇವರಾಣೆಗೂ ಕೂಗಿತು. ಕೇಳಿದವಳು ನಾನೊಬ್ಬಳೇ ಅಲ್ಲ, ಅಲ್ಲಿದ್ದವರೆಲ್ಲ ಕೇಳಿದರು. ಹೆಂಗಸರು ಅಯ್ಯೋ ಅಮ್ಮಾ ಎಂದು ಕಿವಿ ಮುಚ್ಚಿಕೊಂಡರು.

ನಾನು ಮೆಟ್ಟಿಲ ಕಡೆ ಓಡಿದೆ. ಉಮೇಶ ಹಿಂದಿನಿಂದ ಜಡೆ ಹಿಡಿದು ಎಳೆದು ಗೋಡೆಗೆ ಒತ್ತಿದ. "ಮೇಲೆ ಹೋದ್ರೆ ಕೊಂದ್ ಹಾಕ್ತೆ" ಎಂದು ಕಿವಿಯ ಹತ್ತಿರ ಹೇಳಿದ. ಹೆದರಿಕೆಗಿಂತ ಸಿಟ್ಟೇ ಜಾಸ್ತಿ ಬಂದಿತ್ತು ನನಗೆ. ಕೈಯಲ್ಲಿದ್ದ ಟೆಸ್ಟರನ್ನು ಅವನ ತೋಳಿಗೆ ಚುಚ್ಚಿದೆ, ಹಿಡಿಯವರೆಗೂ ಇಳಿಯಿತು. ಅವನು ಚೀರಿ ಕೈಬಿಟ್ಟ. ಸುಕ್ರಣ್ಣ ಅವನ ಸೊಂಟ ತಬ್ಬಿ ಹಿಡಿದರು. "ದೇವಣ್ಣಾ, ನಿಮ್ಮ ಮಗಳು ಮೇಲಿದ್ದಾಳೆ, ಬೀಗ ಹಾಕಿದ್ದಾನೆ" ಎಂದು ಅರಚಿದೆ. ಈ ಸಲ ಅವರಿಗೆ ಕೇಳಿಸಿತು.

ತುದಿಯ ಮಹಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಗೋಡೆಯ ಮೇಲಿತ್ತು. ದೇವಣ್ಣ ಅದನ್ನೇ ಕಿತ್ತು ಬೀಗಕ್ಕೆ ಜಜ್ಜಿದರು. ಬಾಗಿಲು ತೆರೆದುಕೊಂಡಿತು. ಅದೇ ಗಳಿಗೆಗೆ ಸೈರನ್ ನಿಂತುಹೋಯಿತು.

ರೂಮಿನಲ್ಲಿ ಹೊಗೆಯಿಲ್ಲ, ಬೆಂಕಿಯಿಲ್ಲ. ಬೆಳಿಗ್ಗೆ ನಾನು ಕೂರಿಸಿದ್ದ ಚಿಲಕ ಸ್ಕ್ರೂ ಸಮೇತ ಕಿತ್ತು ನೆಲದ ಮೇಲೆ ಬಿದ್ದಿತ್ತು. ಬಚ್ಚಲ ಹೊಸ್ತಿಲ ಮೇಲೆ ಲಲಿತಾ. ಕೈ ಹಿಂದಕ್ಕೆ ಕಟ್ಟಿತ್ತು, ಬಾಯಿಗೆ ಟವೆಲ್ ತುರುಕಿತ್ತು, ತಲೆಯಿಂದ ಹರಿದ ರಕ್ತ ಬಚ್ಚಲ ತೂತಿನವರೆಗೂ ಹೋಗಿತ್ತು. ಕುತ್ತಿಗೆಗೆ ಅವಳದೇ ಸೀರೆಯ ಸೆರಗು ಬಿಗಿದಿತ್ತು. ಸೆರಗು ಸಡಿಲಿಸಿ ಟವೆಲ್ ಕಿತ್ತೆ. ಮೊದಲು ಏನೂ ಇಲ್ಲ. ಆಮೇಲೆ ಗೊರ್ ಎಂದು ಉಸಿರು ಎಳೆದುಕೊಂಡಳು. ನಾನು ಅಷ್ಟು ಜೋರಾಗಿ ಅತ್ತಿದ್ದು ಅಮ್ಮ ಸತ್ತಾಗ ಬಿಟ್ಟರೆ ಅಂದೇ.

ದೇವಣ್ಣ ಮಗಳನ್ನು ಮುಟ್ಟಲೂ ಇಲ್ಲ. ಆ ಸಿಲಿಂಡರ್ ಹಿಡಿದುಕೊಂಡೇ ಕೆಳಗಿಳಿದರು. ಅಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ, ಕೇಳಿಸಿತು. ಎರಡೂ ಕಡೆಯವರು ತಮ್ಮ ಜಗಳ ಬಿಟ್ಟು ಅವರನ್ನು ಹಿಡಿದುಕೊಳ್ಳದಿದ್ದರೆ ಉಮೇಶ ಅಂದೇ ಹೆಣವಾಗುತ್ತಿದ್ದ. ಪೊಲೀಸರು ಬಂದಾಗ ಅವನ ಎರಡೂ ಕೈ ಮುರಿದಿದ್ದವು. ಲಲಿತಾಳನ್ನು ಆಂಬುಲೆನ್ಸ್‌ನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದರು.

ಪ್ಯಾನೆಲ್ ಹಾಕಿದ್ದ ಕಂಪನಿಯ ಎಂಜಿನಿಯರ್ ಬಂದು ಒಡೆದ ಪೆಟ್ಟಿಗೆಯನ್ನು ಬಿಚ್ಚಿ ಬಿಚ್ಚಿ ನೋಡಿದರು. ತಂತಿಯೇ ಇಲ್ಲದ ಝೋನ್ ಹೇಗೆ ಕೂಗುತ್ತದೆ ಎಂದು ನನ್ನನ್ನೇ ಕೇಳಿದರು. ಹೆದ್ದಾರಿಯಲ್ಲಿ ಯಾವುದೋ ಲಾರಿ ಹಾರ್ನ್ ಹೊಡೆದಿರಬೇಕು ಎಂದರು. ಅಷ್ಟು ಜನರ ಕಿವಿಗೆ ಲಾರಿಗೂ ಸೈರನ್‌ಗೂ ವ್ಯತ್ಯಾಸ ತಿಳಿಯದೇ ಹೋಯಿತಾ ಎಂದು ನಾನು ಜಗಳಕ್ಕೇ ಬಿದ್ದೆ. ಪಾಪ, ಅವರಾದರೂ ಎಂತ ಹೇಳಿಯಾರು? ತೇವ, ಹುಳ, ಶಾರ್ಟ್, ನನಗೆ ಗೊತ್ತಿರುವ ಎಲ್ಲ ಕಾರಣಗಳನ್ನೂ ಎಷ್ಟೋ ಸಲ ಕೂಡಿಸಿ ಕಳೆದು ನೋಡಿದ್ದೇನೆ. ಮೊದಲ ಕೂಗಿಗೆ ಹೇಗೋ ಒಂದು ಕಾರಣ ಹೊಂದಿಸಬಹುದು. ಬ್ಯಾಟರಿ ಅಂಗಳದಲ್ಲಿ ಬಿದ್ದ ಮೇಲಿನ ಕೂಗಿಗೆ ಆಗುವುದಿಲ್ಲ. ಅತ್ತೆಯ ಹತ್ತಿರ ಹೇಳಿದರೆ ಅವರು ನಗಲಿಲ್ಲ, ದೇವರ ಮುಂದೆ ದೀಪ ಹಚ್ಚಿದರು.

ಮಳೆಗಾಲ ಮುಗಿಯುತ್ತಾ ಬಂದಾಗ ಲಲಿತಾಳನ್ನು ನೋಡಲು ಬಂದರಿನ ಹತ್ತಿರದ ತವರುಮನೆಗೆ ಹೋದೆ. ದೇವಣ್ಣ ನನ್ನ ಮುಖ ನೋಡಲಾರದೆ ಹಿತ್ತಿಲಿಗೆ ಹೋದರು. ಲಲಿತಾ ಚಾ ಮಾಡಿ ತಂದಳು. ತುಂಬ ಹೊತ್ತು ಅದೂ ಇದೂ ಮಾತಾಡಿ, ಕಡೆಗೆ ತಡೆಯಲಾರದೆ ಸೈರನ್ ವಿಷಯ ತೆಗೆದೆ. ಬಾಯಿಗೆ ಬಟ್ಟೆ ತುರುಕಿದ್ದಾಗ ನಿನಗದು ಕೇಳಿಸುತ್ತಿತ್ತಾ ಎಂದೆ.

"ಕೇಳ್ತಿತ್ತು ಅಕ್ಕಾ" ಎಂದಳು. "ಅದೇ ಮೊದ್ಲ ಸಲ ಅಲ್ಲ. ಹೋದ ವರ್ಷ ಭಟ್ಕಳದಲ್ಲಿ ನಾದಿನಿ ಮದುವೆ ಆಯ್ತಲ್ಲ, ಆ ಹಾಲಿನ ರೂಮಲ್ಲೂ ಹೀಂಗೇ ಬಾಯಿಗೆ ಬಟ್ಟೆ ತುರುಕಿ ಹೊಡ್ದಿದ್ದ. ಅಲ್ಲೂ ಸೈರನ್ ಕೂಗ್ತು. ಯಾರೋ ಬಂದ್ ಮಾಡಿದ್ರು. ಮತ್ತೆ ಕೂಗ್ತು, ಮತ್ತೆ ಬಂದ್ ಮಾಡಿದ್ರು. ಆಮೇಲೆ ಕೂಗ್ಲೇ ಇಲ್ಲ. ಆಗ ನಂಗೆ ನಾಲ್ಕು ತಿಂಗ್ಳು ಆಗಿತ್ತು ಅಕ್ಕಾ."

ಅವಳ ಮಡಿಲಲ್ಲಿ ಮಗು ಇರಲಿಲ್ಲ, ಮನೆಯಲ್ಲೂ ಇರಲಿಲ್ಲ. ನನ್ನ ಕೈಯಲ್ಲಿದ್ದ ಚಾ ಆರಿಹೋಗಿತ್ತು. ಸೈರನ್ ಹೇಗೆ ಕೂಗಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಪ್ರಶ್ನೆ ಕೇಳಿಕೊಳ್ಳುವುದನ್ನೇ ಬಿಟ್ಟಿದ್ದೇನೆ. ಭಟ್ಕಳದಲ್ಲಿ ಆ ಬಟನ್ ಒತ್ತಿದವರೂ ನನ್ನ ಹಾಗೆಯೇ ಯಾರೋ ಇರಬೇಕು, ಕೆಲಸ ಗೊತ್ತಿದ್ದವರು. ಅಡುಗೆಯವರನ್ನು ಬೈದುಕೊಳ್ಳುತ್ತಾ ಒತ್ತಿರಬೇಕು.