ಮನ್ಯಾಗ ಎಷ್ಟು ಮಂದಿ

ಅರವತ್ತರ ದಶಕದ ಮಾತು. ಧಾರವಾಡದ ಒಂದು ಕಚೇರಿಯಲ್ಲಿ ಸಮೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಹಳ್ಳಿಗೆ ಒಯ್ಯುವ ಮೊದಲು ಪ್ರಶ್ನೆಗಳನ್ನು ಮನೆಯವರಿಗೆ, ಪರಿಚಯದವರಿಗೆ ಕೇಳಿ ನೋಡಬೇಕಿತ್ತು. ಉತ್ತರಕ್ಕಿಂತ ಮುಖ್ಯವಾದದ್ದು, ಅದು ತಲೆಯೊಳಗೆ ಹೇಗೆ ಹುಟ್ಟುತ್ತದೆ ಎಂಬುದು. ಅದಕ್ಕೇ ವಿಚಾರ ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳಿಸಬೇಕು. "ನೀವು ಸುಳುಹು ಕೊಡಬ್ಯಾಡ್ರಿ, ಹುಬ್ಬು ಸುದ್ದಾ ಏರಿಸಬ್ಯಾಡ್ರಿ," ಎಂದಿದ್ದರು ಸಾಹೇಬರು.

ಮೊದಲು ಕೂರಿಸಿದ್ದು ನಮ್ಮ ಅವ್ವನನ್ನು. ಪಕ್ಕದಲ್ಲಿ ಅತ್ಯಾ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅತ್ಯಾ ಅಂದರೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ನಮ್ಮಲ್ಲೇ ಉಳಿದವಳು. ನನ್ನನ್ನು ಎತ್ತಿ ಆಡಿಸಿ ಮಾತು ಕಲಿಸಿದವಳು ಅವಳೇ.

"ನಿಮ್ಮ ಮನ್ಯಾಗ ಎಷ್ಟು ಮಂದಿ ಅದೀರಿ?" ಎಂದು ಕೇಳಿದೆ.

"ಹೆತ್ತವ್ವಗ 'ರೀ' ಹಚ್ಚಿ ಕೇಳತಾನ, ನೋಡ್ರಿ ಅಕ್ಕಾರ," ಎಂದು ಅವ್ವ ನಕ್ಕಳು.

"ಸರಕಾರಿ ಮನಶ್ಯಾ ಆಗ್ಯಾನವಾ. ಲಗೂ ಹೇಳು," ಎಂದಳು ಅತ್ಯಾ.

ಅವ್ವ ಬೆರಳು ಮಡಚತೊಡಗಿದಳು. "ನಿಮ್ಮಪ್ಪ, ನಾನು, ನೀನು. ಹುಡುಗ್ಯಾರು ಇಬ್ಬರು. ಹುಬ್ಬಳ್ಯಾಗ ಕಲಿಯಾಕ ಇಟ್ಟೇವಲ್ಲ, ಆ ಸಣ್ಣಾವನ್ನ ಹಿಡೀಬೇಕೋ ಬ್ಯಾಡೋ? ಐತವಾರ ಬಂದು ಉಂಡು ಹೋಗತಾನ. ಹಿಡಿ. ಆರು."

ಮೊರದ ಸಪ್ಪಳ ನಿಂತಿತು. ಅತ್ಯಾ ಅವ್ವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ನಾನು ಆರು ಎಂದು ಬರೆದೆ. ಪ್ರಶ್ನೆಯಲ್ಲಿನ ದೋಷ ಸಿಕ್ಕಿತೆಂದು ಒಳಗೊಳಗೇ ಹಿಗ್ಗು ಬೇರೆ.

ಅವ್ವನಿಗೆ ಹೊಳೆದದ್ದು ಆಮೇಲೆ. "ನನ್ನ ಬುದ್ಧಿಗೆ ಏನ್ ಹೇಳಲ್ರಿ ಅಕ್ಕಾರ. ನಿಮ್ಮನ್ನ ಬ್ಯಾರೆ ಎಣಸೂದು ಐತೇನು?" ಎಂದು ಕೈಹಿಡಿದಳು.

"ಇರಲಿ ಬಿಡವಾ. ಉಣ್ಣಾಕ ಕುಂತಾಗ ಎಣಸತೀಯಲ್ಲ, ಸಾಕು," ಎಂದು ಅತ್ಯಾ ಮತ್ತೆ ಕೇರತೊಡಗಿದಳು.

ಮರುದಿನ ಮುಂಜಾನೆ ಅತ್ಯಾ, ಮುಗದ ಎಂಬ ಹಳ್ಳಿಯಲ್ಲಿರುವ ಮೈದುನನ ಮನೆಗೆ ಹೋಗುತ್ತೇನೆಂದು ಗಂಟು ಕಟ್ಟಿದಳು. ಅವ್ವ ಅತ್ತರೂ ಕೇಳಲಿಲ್ಲ. ಬಸ್ಸಿನ ತನಕ ಬಿಡಲು ಹೋದ ನಾನು ದಾರಿಯುದ್ದಕ್ಕೂ ಕಚೇರಿಯ ನಿಯಮ ಬಿಡಿಸಿ ಹೇಳಿದೆ. ನಡುವೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡಳು.

"ಅಕಿ ಮರತಳೋ ತಮ್ಮಾ, ಅದಕ್ಕ ನನಗ ಸಿಟ್ಟಿಲ್ಲ. ನಿನಗ ನೆನಪಿತ್ತಲ್ಲ."

ಬಸ್ಸು ಬಂತು. ಗಂಟಿಗೆ ನಾನು ಕೈಚಾಚಿದರೆ ಕೊಡಲಿಲ್ಲ, ತಾನೇ ಹೊತ್ತು ಹತ್ತಿದಳು.

ಕಚೇರಿಯಲ್ಲಿ ಪ್ರಶ್ನೆ ತಿದ್ದಿದರು: ನಿನ್ನೆ ಈ ಮನೆಯ ಒಲೆಯ ಅಡುಗೆ ಉಂಡವರು ಯಾರ್ಯಾರು? ಛಲೋ ಹುಡುಕಿದಿರಿ ಎಂದು ಸಾಹೇಬರು ಬೆನ್ನು ತಟ್ಟಿದರು. ಆ ವಾರ ಅದನ್ನು ನಮ್ಮ ಮನೆಯಲ್ಲಿ ಕೇಳಿದ್ದರೆ ಅತ್ಯಾಳ ಹೆಸರು ಖರೇನೇ ಬರುತ್ತಿರಲಿಲ್ಲ.